ಕಂಪ್ರೆಸರ್ ಹೋಗಿದೆ ಅನ್ನುವ ಮೊದಲು

ಮಾರ್ಚ್ ಮುಗಿಯುವ ಹೊತ್ತಿಗೆ ಬೆಂಗಳೂರಿನಲ್ಲಿ ಎಸಿ ರಿಪೇರಿಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಥರ: “ಗಾಳಿ ಬರ್ತಿದೆ ಸಾರ್, ತಂಪಾಗ್ತಿಲ್ಲ.” ಮನೆಯೊಳಗಿನ ಇಂಡೋರ್ ಚೆನ್ನಾಗಿ ಬೀಸುತ್ತಿದ್ದೂ ತಂಪಿಲ್ಲ ಅಂದರೆ ಹೊರಗಿನ ಔಟ್‌ಡೋರ್‌ನಲ್ಲಿ ಗ್ಯಾಸ್ ತಳ್ಳುವ ಕಂಪ್ರೆಸರ್ ಓಡುತ್ತಿಲ್ಲ, ಇಲ್ಲವೇ ಗ್ಯಾಸ್ ಹೋಗಿದೆ. ಈ ಊರಿನ ಮನೆಗಳ ಎಸಿಗಳು ಮಳೆ ಹಿಡಿದ ಮೇಲೆ ಮಲಗಿದರೆ ಮತ್ತೆ ಏಳುವುದು ಬೇಸಿಗೆಗೇ. ಚೆನ್ನೈಯಲ್ಲಿ ಓಡಿ ಓಡಿ ಸವೆಯುವ ಯಂತ್ರ ಇಲ್ಲಿ ಓಡದೆ ಕೆಡುತ್ತದೆ. ಕಾಂಟ್ಯಾಕ್ಟರ್ (ಕರೆಂಟ್ ಜೋಡಿಸಿ ಬಿಡಿಸುವ ದೊಡ್ಡ ಸ್ವಿಚ್) ಒಳಗೆ ಇರುವೆ, ಪಿಸಿಬಿ (ಎಲೆಕ್ಟ್ರಾನಿಕ್ ಬೋರ್ಡ್) ಮೇಲೆ ಹಲ್ಲಿ, ಫ್ಯಾನ್ ಹಿಂದೆ ಪಾರಿವಾಳದ ಗೂಡು, ವೈರ್ ತುದಿಯ ಲಗ್‌ಗಳಿಗೆ ಹಸಿರು ಕಿಲುಬು. ತಿಂಗಳುಗಟ್ಟಲೆ ಬಿಟ್ಟು ರಿಮೋಟ್ ಒತ್ತಿದ ದಿನ ಇವೆಲ್ಲ ಒಟ್ಟಿಗೆ ಲೆಕ್ಕ ಕೇಳುತ್ತವೆ.

ಇಲ್ಲಿ ಬರೆದಿರುವುದು ಬನಶಂಕರಿ ಕಡೆಯ ಒಂದು ಮನೆಯ 1.5 ಟನ್ ಸ್ಪ್ಲಿಟ್ ಎಸಿಯನ್ನು ಪರೀಕ್ಷಿಸಿದ ಕ್ರಮ. ಕಂಪ್ರೆಸರ್ ವೇಗ ಏರಿಳಿಸುವ ಇನ್ವರ್ಟರ್ ಅಲ್ಲದ, ಹಳೆಯ ಬಗೆಯ ಯಂತ್ರ. ಮೊದಲು ಬಂದು ನೋಡಿದವರು “ಕಂಪ್ರೆಸರ್ ಜಾಮ್ ಆಗಿದೆ” ಎಂದು ತೀರ್ಪು ಕೊಟ್ಟು ಹೋಗಿದ್ದರು. ಕಂಪ್ರೆಸರ್ ಬದಲಿಸಿ ಗ್ಯಾಸ್ ತುಂಬಿಸಲು ಸಾವಿರಾರು ರೂಪಾಯಿ ಖರ್ಚಿದೆ. ಅಷ್ಟು ದೊಡ್ಡ ತೀರ್ಪಿಗೆ ನಾಲ್ಕು ಅಳತೆಯಾದರೂ ಆಧಾರ ಬೇಕು ಅನ್ನುವುದು ನಮ್ಮ ವಾದ.

ಕವರ್ ಬಿಚ್ಚುವ ಮೊದಲು ಎಸಿಯನ್ನು ಕೂಲ್ ಮೋಡ್‌ನಲ್ಲಿ 16 ಡಿಗ್ರಿಗಿಟ್ಟು, ಔಟ್‌ಡೋರ್‌ಗೆ ಹೋಗುವ ಫೇಸ್ ವೈರ್‌ಗೆ ಕ್ಲ್ಯಾಂಪ್ ಮೀಟರ್ (ವೈರ್ ಕಡಿಯದೆ ಸುತ್ತ ಹಿಡಿದು ಆಂಪ್ ಅಳೆಯುವ ಮೀಟರ್) ಹಾಕಿ ಕಾದೆವು. ಆನ್ ಮಾಡಿದ ಕೂಡಲೇ ಕಂಪ್ರೆಸರ್ ಶುರುವಾಗುವುದಿಲ್ಲ. ನಿಂತ ಮೇಲೆ ಕಂಪ್ರೆಸರ್‌ನ ಎರಡೂ ಬದಿಯ ಗ್ಯಾಸ್ ಒತ್ತಡ ಸಮವಾಗಲೆಂದು ಪಿಸಿಬಿ ಸುಮಾರು 3 ನಿಮಿಷ ತಡೆಹಿಡಿಯುತ್ತದೆ. ಸ್ಟೆಬಿಲೈಜರ್ ಇದ್ದರೆ ಅದರದೂ ಬೇರೆ ವಿಳಂಬ. ಈ ನಿಮಿಷಗಳನ್ನು ಕಾಯದೆ “ಔಟ್‌ಡೋರ್‌ಗೆ ಕರೆಂಟೇ ಬರ್ತಿಲ್ಲ” ಎಂದು ಇಂಡೋರ್ ಪಿಸಿಬಿಯನ್ನೇ ಬದಲಿಸಿದವರಿದ್ದಾರೆ.

ಇಂಡೋರ್ ಒಳಗೆ ರಿಲೇ (ಪಿಸಿಬಿ ಮೇಲಿನ ಸ್ವಿಚ್) ಟಕ್ ಎಂದಿತು. ಔಟ್‌ಡೋರ್ ಫ್ಯಾನ್ ತಿರುಗಿತು. ಕಂಪ್ರೆಸರ್ ಗುಂಯ್‌ಗುಟ್ಟಿತು, ಮೀಟರ್ 38 ಆಂಪ್‌ಗೆ ಹಾರಿತು, ಕೆಲವು ಸೆಕೆಂಡ್ ಅಲ್ಲೇ ನಿಂತಿತು, ಮತ್ತೆ ಟಕ್. ಆಮೇಲೆ ಫ್ಯಾನಿನದಷ್ಟೇ, ಅರ್ಧ ಆಂಪ್‌ಗಿಂತ ಕಡಿಮೆ. ಈ ಒಂದು ನೋಟದಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಆಜ್ಞೆ ಹೊರಗೆ ತಲುಪಿದೆ, ಹಾಗಾಗಿ ಇಂಡೋರ್ ಪಿಸಿಬಿಯನ್ನು ಸದ್ಯಕ್ಕೆ ಬಿಡಬಹುದು. ಕಂಪ್ರೆಸರ್‌ಗೆ ಕರೆಂಟ್ ಹೋಗುತ್ತಿದೆ, ಒಳಗೆ ತಿರುಗಬೇಕಾದ ರೋಟರ್ ಮಾತ್ರ ತಿರುಗುತ್ತಿಲ್ಲ. 1.5 ಟನ್ ಯಂತ್ರ ಓಡುವಾಗ ಎಳೆಯುವುದು ಏಳೆಂಟು ಆಂಪ್. ರೋಟರ್ ನಿಂತಲ್ಲೇ ನಿಂತರೆ ಅದರ ಐದಾರು ಪಟ್ಟು ಎಳೆಯುತ್ತದೆ. ಎರಡನೇ ಟಕ್ ಓವರ್‌ಲೋಡಿನದು. ಕಂಪ್ರೆಸರ್ ತಲೆಯ ಮೇಲೆ ಕೂತಿರುವ, ಬಿಸಿಯಾದರೆ ಬಾಗಿ ಸರ್ಕ್ಯೂಟ್ ಬಿಡಿಸುವ ಬೈಮೆಟಲ್ ಬಿಲ್ಲೆ ಅದು.

ಇಂಥ ಲಕ್ಷಣಕ್ಕೆ ನಾಲ್ಕು ಕಾರಣ ಇರಬಹುದು: ಮೋಟರ್ ಏಳಲು ನೆರವಾಗುವ ಕೆಪಾಸಿಟರ್ ಸೋತಿದೆ, ವೋಲ್ಟೇಜ್ ಸಾಲದು, ಮೋಟರನ್ನು ಎಬ್ಬಿಸುವ ತಂತಿ ಸುರುಳಿ (ಸ್ಟಾರ್ಟ್ ವೈಂಡಿಂಗ್) ಅಥವಾ ಅದರ ವೈರ್ ಕಡಿದಿದೆ, ಕೊನೆಯದಾಗಿ ಕಂಪ್ರೆಸರ್ ನಿಜವಾಗಿ ಹಿಡಿದುಕೊಂಡಿದೆ. ಹಿಂದಿನವರು ಕೊನೆಯದರಿಂದ ಶುರು ಮಾಡಿದ್ದರು.

ಎಂಸಿಬಿ (ಮನೆಯ ಬೋರ್ಡಿನ ಟ್ರಿಪ್ ಸ್ವಿಚ್) ಕೆಳಗೆ ಮಾಡಿ, ಯಾರೂ ಎತ್ತದಂತೆ ಅದರ ಮೇಲೆ ಟೇಪ್ ಸುತ್ತಿದೆವು. ರಿಮೋಟ್‌ನಲ್ಲಿ ಆಫ್ ಮಾಡಿದ್ದನ್ನು ಆಫ್ ಎಂದು ಲೆಕ್ಕಕ್ಕೆ ಹಿಡಿಯಬಾರದು. ಎಷ್ಟೋ ಮಾಡೆಲ್‌ಗಳಲ್ಲಿ ರಿಲೇ ಒಂದು ಬದಿಯನ್ನಷ್ಟೇ ಬಿಡಿಸುತ್ತದೆ. ಔಟ್‌ಡೋರ್ ಇದ್ದದ್ದು ಕಟ್ಟಡದ ಪೈಪ್‌ಗಳು ಹೋಗುವ ಇಕ್ಕಟ್ಟಾದ ಡಕ್ಟ್ ಒಳಗೆ, ಮೂರನೇ ಮಹಡಿಯ ಎತ್ತರದಲ್ಲಿ. ಹಗ್ಗ, ಬೆಲ್ಟ್ ಇಲ್ಲದೆ ಔಟ್‌ಡೋರ್ ಕೂತ ಕಬ್ಬಿಣದ ಆ್ಯಂಗಲ್ ಮೇಲೆ ಕಾಲಿಡಬೇಡಿ. ಶಾಕ್ ಚಿಕ್ಕದಾಗಿದ್ದರೂ ಬೀಳುವ ಎತ್ತರ ಚಿಕ್ಕದಲ್ಲ.

ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಅನ್ನಿಸುವ ಅಭ್ಯಾಸ ಎಲ್ಲರಲ್ಲೂ ಇದೆ. ಆ ಕಿಡಿ ಟರ್ಮಿನಲ್ಲನ್ನೂ ಒಳಗಿನ ಫಿಲ್ಮನ್ನೂ ತಿನ್ನುತ್ತದೆ. 20 ಕಿಲೋ ಓಮ್, 5 ವ್ಯಾಟ್‌ನ ಒಂದು ರೆಸಿಸ್ಟರ್‌ಗೆ ಎರಡು ಇನ್ಸುಲೇಟೆಡ್ ಕ್ಲಿಪ್ ಹಾಕಿಟ್ಟುಕೊಂಡರೆ 50 ಮೈಕ್ರೋಫ್ಯಾರಡ್ ಕೆಪಾಸಿಟರ್ ಐದಾರು ಸೆಕೆಂಡಿನಲ್ಲಿ ಖಾಲಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಇಂಥ ರೆಸಿಸ್ಟರ್ ಚಿಲ್ಲರೆ ಕಾಸಿಗೆ ಸಿಗುತ್ತದೆ. ಕ್ಲಿಪ್ ತೆಗೆದ ಮೇಲೂ ಮೀಟರ್ ಇಟ್ಟು ಸೊನ್ನೆ ನೋಡಿಯೇ ಕೈ ಹಾಕುವುದು.

ಲೇಬಲ್ ಮೇಲೆ 50 ಎಂಎಫ್‌ಡಿ (ಮೈಕ್ರೋಫ್ಯಾರಡ್), ಶೇ. 5 ಹೆಚ್ಚು-ಕಡಿಮೆ, 440 ವೋಲ್ಟ್. ಮೀಟರ್ ತೋರಿಸಿದ್ದು 33. ತಲೆ ಉಬ್ಬಿರಲಿಲ್ಲ, ಎಣ್ಣೆ ಸೋರಿರಲಿಲ್ಲ, ನೋಡಲು ಹೊಸದರ ಹಾಗೇ ಇತ್ತು. ಕಣ್ಣಿನಲ್ಲಿ ನೋಡಿ ಕೆಪಾಸಿಟರ್ ಸರಿ ಇದೆ ಅನ್ನುವುದು ಸಲ್ಲದು. ಉಬ್ಬಿದ್ದರೆ ಖಂಡಿತ ಕೆಟ್ಟಿದೆ, ಉಬ್ಬದಿದ್ದರೆ ಏನೂ ತಿಳಿಯುವುದಿಲ್ಲ. ಒಳಗಿರುವುದು ಲೋಹ ಲೇಪಿಸಿದ ತೆಳು ಫಿಲ್ಮ್. ಎಲ್ಲಾದರೂ ಚುಚ್ಚಿ ತೂತಾದರೆ ಸುತ್ತಲಿನ ಲೋಹ ಆವಿಯಾಗಿ ಆ ಜಾಗ ತಾನೇ ಮುಚ್ಚಿಕೊಳ್ಳುತ್ತದೆ, ಕೆಪಾಸಿಟರ್ ಕೆಲಸ ಮುಂದುವರಿಸುತ್ತದೆ. ಆದರೆ ಪ್ರತಿ ಸಲವೂ ಚೂರು ವಿಸ್ತೀರ್ಣ ಕಳೆದುಹೋಗುತ್ತದೆ. ಹೀಗೆ ಸದ್ದಿಲ್ಲದೆ 50 ಇದ್ದದ್ದು 33ಕ್ಕೆ ಇಳಿಯುತ್ತದೆ. ಲೇಬಲ್‌ಗಿಂತ ಶೇ. 10 ಕಡಿಮೆ ಬಂದರೆ ನಾವು ಬದಲಿಸಿಬಿಡುತ್ತೇವೆ.

ಹೊಸದು ತರುವಾಗ ಎಂಎಫ್‌ಡಿ ಒಂದನ್ನೇ ಹೇಳಿ ತರುವುದು ಸಾಮಾನ್ಯ. ವೋಲ್ಟೇಜ್ 440 ಇರಲೇಬೇಕು. ಮನೆಗೆ ಬರುವುದು 230 ವೋಲ್ಟ್ ಆದರೂ ಓಡುವ ಮೋಟರ್‌ನಲ್ಲಿ ಸ್ಟಾರ್ಟ್ ವೈಂಡಿಂಗ್ ತಾನೇ ಹುಟ್ಟಿಸುವ ವೋಲ್ಟೇಜ್ ಸೇರಿ ಕೆಪಾಸಿಟರ್ ಮೇಲೆ 300 ದಾಟುತ್ತದೆ. ಇನ್ನೊಂದು, ಲೇಬಲ್ ಮೇಲಿನ ಸಣ್ಣಕ್ಷರ: 25/70/21 ಎಂದಿದ್ದರೆ 70 ಡಿಗ್ರಿಯವರೆಗೆ, 25/85/21 ಎಂದಿದ್ದರೆ 85ರವರೆಗೆ ತಡೆಯುತ್ತದೆ. ಕ್ಲಾಸ್ ಬಿ ಅಂದರೆ 10,000 ಗಂಟೆಯ ಆಯುಷ್ಯಕ್ಕೆ ಮಾಡಿದ್ದು, ಕ್ಲಾಸ್ ಸಿ 3,000 ಗಂಟೆಗೆ. 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು. ಅಂಥ ದಿನ ನಾಲ್ಕು ಮನೆಯ ಔಟ್‌ಡೋರ್‌ಗಳು ಬಿಸಿಗಾಳಿ ಉಗುಳುವ ಡಕ್ಟ್ ಒಳಗೆ ಇದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಹಾಗಾಗಿ 85ರದ್ದು, ಕ್ಲಾಸ್ ಬಿ ಕೇಳಿ ತರುವುದು ಲೇಸು, ನೂರಿನ್ನೂರು ರೂಪಾಯಿ ಹೆಚ್ಚಾದರೂ ಸರಿ. 50ರ ಜಾಗಕ್ಕೆ “ಸ್ವಲ್ಪ ಜಾಸ್ತಿ ಇರಲಿ” ಎಂದು 60 ಹಾಕುವುದು ಇನ್ನೊಂದು ತಪ್ಪು. ಸ್ಟಾರ್ಟ್ ವೈಂಡಿಂಗ್‌ನಲ್ಲಿ ಕರೆಂಟ್ ಏರಿ ಅದು ನಿಧಾನಕ್ಕೆ ಸುಡುತ್ತದೆ.

ಕೆಪಾಸಿಟರ್ ಸಿಕ್ಕಿತಲ್ಲ ಎಂದು ಅಲ್ಲಿಗೇ ನಿಲ್ಲಿಸಲಿಲ್ಲ. ಕಂಪ್ರೆಸರ್ ತಲೆಯ ಮುಚ್ಚಳ ತೆಗೆದು ವೈರ್ ಬಿಡಿಸಿ ವೈಂಡಿಂಗ್ ಅಳೆದೆವು. ಅಲ್ಲಿ ಮೂರು ಟರ್ಮಿನಲ್: ರನ್ (ಓಡಿಸುವ ಸುರುಳಿಯದು), ಸ್ಟಾರ್ಟ್, ಎರಡಕ್ಕೂ ಸೇರಿದ ಕಾಮನ್. ಕಾಮನ್‌ನಿಂದ ರನ್‌ಗೆ 1.9 ಓಮ್, ಕಾಮನ್‌ನಿಂದ ಸ್ಟಾರ್ಟ್‌ಗೆ 2.7, ರನ್‌ನಿಂದ ಸ್ಟಾರ್ಟ್‌ಗೆ 4.6. ಮೊದಲೆರಡನ್ನು ಕೂಡಿಸಿದರೆ ಮೂರನೆಯದು ಬರಬೇಕು, ಬಂದಿದೆ. ಮೊದಲು ಮೀಟರಿನ ಎರಡು ಕಡ್ಡಿ ತಾಗಿಸಿ ಬರುವ 0.2, 0.3 ಓಮನ್ನು ಕಳೆಯಲು ಮರೆಯಬಾರದು. ಇಷ್ಟು ಸಣ್ಣ ಸಂಖ್ಯೆಗಳಲ್ಲಿ ಅದೇ ದಾರಿ ತಪ್ಪಿಸುತ್ತದೆ.

ಇಲ್ಲಿ ಬಹಳ ಕಂಪ್ರೆಸರ್‌ಗಳು ಅನ್ಯಾಯವಾಗಿ ಗುಜರಿಗೆ ಹೋಗುತ್ತವೆ. ಕಾಮನ್‌ನಿಂದ ರನ್‌ಗೂ ಓಪನ್ (ದಾರಿಯೇ ಇಲ್ಲ), ಸ್ಟಾರ್ಟ್‌ಗೂ ಓಪನ್ ಬಂದು, ರನ್-ಸ್ಟಾರ್ಟ್ ನಡುವೆ ಮಾತ್ರ ಸರಿಯಾದ ಓಮ್ ತೋರಿಸಿದರೆ ವೈಂಡಿಂಗ್ ಕಡಿದಿದೆ ಎಂದು ಹೇಳಲಾಗದು. ಹೆಚ್ಚಾಗಿ ಕಾಮನ್ ದಾರಿಯಲ್ಲಿರುವ ಓವರ್‌ಲೋಡ್ ತೆರೆದುಕೊಂಡಿರುತ್ತದೆ. ಅದು ಹೊರಗಿನದಾದರೆ ಬಿಚ್ಚಿ ಬೇರೆಯಾಗಿ ಅಳೆಯಬಹುದು. ಕಂಪ್ರೆಸರ್ ಒಳಗೇ ಇದ್ದರೆ ಮೈ ತಣಿಯುವವರೆಗೆ ಕಾಯುವುದೊಂದೇ ದಾರಿ, ಒಂದು ಗಂಟೆಯೂ ಹಿಡಿಯಬಹುದು, ಬಿಸಿಲಿನಲ್ಲಿದ್ದರೆ ಇನ್ನೂ ಹೆಚ್ಚು. ಒದ್ದೆ ಬಟ್ಟೆ ಸುತ್ತಿ ತಣಿಸುವವರು ಟರ್ಮಿನಲ್ ಭಾಗಕ್ಕೆ ನೀರು ತಾಗದಂತೆ ನೋಡಿಕೊಳ್ಳಬೇಕು.

ಆ ಮೂರು ಟರ್ಮಿನಲ್‌ಗಳ ಬಗ್ಗೆ ಒಂದು ಎಚ್ಚರಿಕೆ. ಗಾಜಿನ ಬಿರಡೆಯಲ್ಲಿ ಕೂತ ಪಿನ್‌ಗಳವು, ಹಿಂದೆ ಗ್ಯಾಸ್ ಒತ್ತಡ ಇರುತ್ತದೆ. ತುಕ್ಕು ಹಿಡಿದ ಲಗ್ಗನ್ನು ಇಕ್ಕಳದಲ್ಲಿ ಹಿಡಿದು ಅಲ್ಲಾಡಿಸಿ ಕೀಳಬೇಡಿ. ಪಿನ್ ಕಿತ್ತು ಬಂದರೆ ಗ್ಯಾಸ್, ಎಣ್ಣೆ ಎರಡೂ ಮುಖಕ್ಕೆ. ಈಗಿನ ಯಂತ್ರಗಳಲ್ಲಿರುವ ಆರ್-32 ಗ್ಯಾಸ್‌ಗೆ ಬೆಂಕಿ ಹತ್ತುವ ಗುಣವೂ ಇದೆ. ಮುಚ್ಚಳ ಹಾಕದೆ ಕರೆಂಟ್ ಕೊಡಬಾರದು ಎಂಬ ನಿಯಮ ಇರುವುದು ಇದಕ್ಕೇ.

ಮುಂದೆ 500 ವೋಲ್ಟ್ ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಸೋರಿಕೆ ನೋಡುವ ಮೀಟರ್), ಒಂದು ಕಡ್ಡಿ ಟರ್ಮಿನಲ್‌ಗೆ, ಇನ್ನೊಂದು ಬಣ್ಣ ಕೆರೆದ ತಾಮ್ರದ ಪೈಪ್‌ಗೆ. 100 ಮೆಗಾ ಓಮ್ ದಾಟಿತು, ವೈಂಡಿಂಗ್ ಕಂಪ್ರೆಸರ್ ಮೈಗೆ ತಾಗಿಲ್ಲ. 1 ಮೆಗಾ ಓಮ್‌ಗಿಂತ ಕೆಳಗೆ ಬಂದರೆ ಆಗ ಕಂಪ್ರೆಸರ್ ಮೇಲೆ ಸಂಶಯ ಪಡಬಹುದು. ಸಾದಾ ಮಲ್ಟಿಮೀಟರ್ ಈ ಪರೀಕ್ಷೆಗೆ ಸಾಲದು, ಅದರ ಬ್ಯಾಟರಿ ವೋಲ್ಟೇಜಿಗೆ ಸೋರಿಕೆ ಹೊರಬೀಳುವುದಿಲ್ಲ. ಪಂಪ್‌ನಿಂದ ಒಳಗಿನ ಗಾಳಿ ಹೀರಿ ವ್ಯಾಕ್ಯೂಮ್ ಎಳೆದಿರುವಾಗ ಮೆಗ್ಗರ್ ಹಾಕಲೇಬಾರದು, ಒಳಗೆ ಕಿಡಿ ಹಾರಿ ಟರ್ಮಿನಲ್ ಸುಡುತ್ತದೆ.

ಇನ್ನು ವೋಲ್ಟೇಜ್. ಕಂಪ್ರೆಸರ್ ಗುಂಯ್‌ಗುಟ್ಟುವ ಆ ಕೆಲವು ಸೆಕೆಂಡ್‌ಗಳಲ್ಲಿ ಎರಡು ಕಡೆ ಅಳೆದದ್ದಿತ್ತು. ಸಾಕೆಟ್ ಬಳಿ 226 ಇದ್ದದ್ದು 212ಕ್ಕೆ ಕುಸಿದರೆ, ಔಟ್‌ಡೋರ್ ಟರ್ಮಿನಲ್ ಬ್ಲಾಕ್‌ನಲ್ಲಿ 189. ಮನೆಗೆ ಬರುವ ವೋಲ್ಟೇಜ್ 230ಕ್ಕಿಂತ ಶೇ. 6 ಅತ್ತಿತ್ತ, ಅಂದರೆ ಹೆಚ್ಚುಕಡಿಮೆ 216ರಿಂದ 244ರೊಳಗೆ ಇರಬೇಕು. ಈ ಮನೆಯಲ್ಲಿ ಪೂರೈಕೆ ಚೆನ್ನಾಗಿಯೇ ಇತ್ತು. ಸಾಕೆಟ್‌ನಿಂದ ಔಟ್‌ಡೋರ್‌ವರೆಗಿನ ಎಂಟು ಮೀಟರ್‌ನಲ್ಲಿ 23 ವೋಲ್ಟ್ ಎಲ್ಲಿ ಹೋಯಿತು? 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್‌ಗೆ ಕಿಲೋಮೀಟರಿಗೆ ಸುಮಾರು 12 ಓಮ್. ಹೋಗಿ ಬರುವ 16 ಮೀಟರ್‌ಗೆ 0.2 ಓಮ್, 38 ಆಂಪ್‌ಗೆ ಏಳೆಂಟು ವೋಲ್ಟ್ ಇಳಿಯುವುದು ಸಹಜ. ಉಳಿದ ಹದಿನೈದು ವೋಲ್ಟ್ ಎಲ್ಲೋ ಒಂದು ಕೆಟ್ಟ ಜಾಯಿಂಟ್‌ನಲ್ಲಿ ಸಾಯುತ್ತಿದೆ.

ಅದು ಸಿಕ್ಕಿದ್ದು ಗೋಡೆಯ ತೂತಿನಿಂದ ಹೊರಬಂದ ಕೂಡಲೇ, ಪೈಪ್ ಸುತ್ತಿದ ಟೇಪಿನ ಕೆಳಗೆ. ಎರಡು ವೈರ್ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ್ದರು. ಟೇಪ್ ಅಂಟು ಕರಗಿ, ತಾಮ್ರ ಕಪ್ಪಾಗಿತ್ತು. 0.4 ಓಮ್ ಅನ್ನುವುದು ಕೇಳಲು ಏನೂ ಅಲ್ಲ, ಆದರೆ ಏಳೂವರೆ ಆಂಪ್ ಸತತ ಹರಿದರೆ ಆ ಒಂದು ಗಂಟಿನಲ್ಲೇ 22 ವ್ಯಾಟ್ ಶಾಖ, ಸೋಲ್ಡರಿಂಗ್ ಐರನ್ ಒಂದನ್ನು ಟೇಪ್ ಸುತ್ತಿ ಇಟ್ಟ ಹಾಗೆ. ಇನ್ನು ಮೋಟರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ರ ಬದಲು 189 ಸಿಕ್ಕರೆ ಉಳಿಯುವುದು ಮೂರನೇ ಎರಡು ಪಾಲು. ಕೆಪಾಸಿಟರ್ ಒಂದೇ ಸೋತಿದ್ದರೆ, ಅಥವಾ ಜಾಯಿಂಟ್ ಒಂದೇ ಕೆಟ್ಟಿದ್ದರೆ ಈ ಕಂಪ್ರೆಸರ್ ಹೇಗೋ ಏಳುತ್ತಿತ್ತೇನೋ, ಎರಡೂ ಸೇರಿ ಕೂರಿಸಿಬಿಟ್ಟಿದ್ದವು. ಹೊಸ ಕೆಪಾಸಿಟರ್ ಮಾತ್ರ ಹಾಕಿ ಹೋಗಿದ್ದರೆ ಕೆಲವು ವಾರ ಓಡಿ ಮತ್ತೆ ನಿಲ್ಲುತ್ತಿತ್ತು, ಬೈಗುಳ ಕೆಪಾಸಿಟರ್ ಕಂಪನಿಗೆ.

ಜಾಯಿಂಟ್ ಕತ್ತರಿಸಿ, ಪಿಂಗಾಣಿ ಕನೆಕ್ಟರ್ ಹಾಕಿ, ಮಳೆ ನುಗ್ಗದ ಜಂಕ್ಷನ್ ಬಾಕ್ಸ್‌ನಲ್ಲಿ ಕೂರಿಸಿದೆವು. ನಡುವೆ ಜೋಡಣೆಯೇ ಇಲ್ಲದ 2.5 ಸ್ಕ್ವೇರ್ ಎಂಎಂ ಕೇಬಲ್ ಎಳೆಯುವುದು ಇದಕ್ಕಿಂತ ಒಳ್ಳೆಯದು, ಮನೆಯವರು ಪೇಂಟ್ ಹೊಡೆಸುವಾಗ ಮಾಡಿಸುತ್ತೇವೆ ಅಂದರು. ಕೆಪಾಸಿಟರ್ ಕಡೆಯ ಸಡಿಲ ಲಗ್‌ಗಳನ್ನೂ ಕತ್ತರಿಸಿ ಹೊಸದು ಕ್ರಿಂಪ್ ಮಾಡಿದ್ದಾಯಿತು. ಸುಟ್ಟ ಲಗ್ಗನ್ನು ಇಕ್ಕಳದಲ್ಲಿ ಒತ್ತಿ ಬಿಗಿ ಮಾಡಿದರೆ ಅದು ಮತ್ತೆ ಸಡಿಲವಾಗುತ್ತದೆ, ಬಿಸಿ ತಿಂದ ಹಿತ್ತಾಳೆಯಲ್ಲಿ ಸ್ಪ್ರಿಂಗ್ ಗುಣ ಉಳಿದಿರುವುದಿಲ್ಲ.

ಕರೆಂಟ್ ಕೊಟ್ಟಾಗ ಕಂಪ್ರೆಸರ್ ಒಂದೇ ಏಟಿಗೆ ಎದ್ದಿತು. ಇಪ್ಪತ್ತು ನಿಮಿಷ ಓಡಿದ ಮೇಲೆ 7.4 ಆಂಪ್, ಸಾಕೆಟ್‌ನಲ್ಲಿ 223, ಔಟ್‌ಡೋರ್‌ನಲ್ಲಿ 221. ಓಡುತ್ತಿರುವಾಗಲೇ ಕೆಪಾಸಿಟರ್ ಅಳೆಯುವ ಒಂದು ಲೆಕ್ಕ ಇದೆ: ಅದರ ವೈರಿನ ಆಂಪ್ ಅನ್ನು 3183ರಿಂದ ಗುಣಿಸಿ, ಅದರ ಎರಡು ತುದಿಯ ವೋಲ್ಟ್‌ನಿಂದ ಭಾಗಿಸಿ. ಇಲ್ಲಿ 5.1 ಆಂಪ್, 330 ವೋಲ್ಟ್, ಬಂದದ್ದು 49ರ ಮೇಲೆ. ಯೂಟ್ಯೂಬ್‌ನಲ್ಲಿ ಅಮೆರಿಕದವರು 2652 ಅನ್ನುತ್ತಾರೆ, ಅದು ಅವರ 60 ಹರ್ಟ್ಸ್‌ಗೆ ಹೊಂದುವ ಸಂಖ್ಯೆ, ನಮ್ಮ 50 ಹರ್ಟ್ಸ್‌ಗೆ ತಂದರೆ ಒಳ್ಳೆಯ ಕೆಪಾಸಿಟರ್ ಕೂಡ ಕೆಟ್ಟದ್ದಾಗಿ ಕಾಣುತ್ತದೆ.

ಔಟ್‌ಡೋರ್ ಗುಂಯ್ ಎನ್ನದೆ ಪೂರ್ತಿ ಸುಮ್ಮನಿದ್ದರೆ ದಾರಿ ಬೇರೆ. ಆಗ ಟರ್ಮಿನಲ್ ಬ್ಲಾಕ್‌ನಲ್ಲಿ ಫೇಸ್-ನ್ಯೂಟ್ರಲ್ ನಡುವೆ ಅಳೆಯಬೇಕು. ಟೆಸ್ಟರ್ ಉರಿಯಿತು ಎಂದರೆ ಕರೆಂಟ್ ಇದೆ ಎಂದಲ್ಲ, ನ್ಯೂಟ್ರಲ್ ಕಡಿದಿದ್ದರೂ ಅದು ಉರಿಯುತ್ತದೆ. ಫೇಸ್-ಅರ್ಥ್ ನಡುವೆ 230, ಫೇಸ್-ನ್ಯೂಟ್ರಲ್ ನಡುವೆ ಏನೂ ಇಲ್ಲ ಅಂದರೆ ನ್ಯೂಟ್ರಲ್ ಹುಡುಕಿ. 60, 90 ವೋಲ್ಟ್‌ನಂಥ ಅರೆಬರೆ ಸಂಖ್ಯೆ ಬಂದರೆ ಅದು ಬಹುಪಾಲು ಪಕ್ಕದ ವೈರ್‌ನಿಂದ ತೇಲಿ ಬಂದ ಹುಸಿ ವೋಲ್ಟೇಜ್. ಒಂದು ಬಲ್ಬ್ ಜೋಡಿಸಿದರೆ ಮಾಯವಾಗುತ್ತದೆ. 16 ಆಂಪ್ ಟಾಪ್ ಪ್ಲಗ್ಗಿನ ಪಿನ್ ಕಪ್ಪಾಗಿದೆಯೇ ಎಂದೂ ನೋಡಿ. ಕಾಂಟ್ಯಾಕ್ಟರ್ ಇರುವ ಮಾಡೆಲ್‌ನಲ್ಲಿ ಕಾಯಿಲ್‌ಗೆ 230 ಬಂದು ಒಳಗೆ ಎಳೆದುಕೊಂಡ ಮೇಲೆ, ಒಂದೇ ಪೋಲಿನ (ಸ್ವಿಚ್ಚಿನ ಒಂದು ದಾರಿಯ) ಮೇಲೆ-ಕೆಳಗೆ ಅಳೆದರೆ ಸೊನ್ನೆಗೆ ಹತ್ತಿರ ಇರಬೇಕು. ಒಂದೆರಡು ವೋಲ್ಟ್ ಕಂಡರೂ ಪಾಯಿಂಟ್ ಸುಟ್ಟಿದೆ ಅಥವಾ ಇರುವೆ ಸಿಕ್ಕಿಕೊಂಡಿದೆ. ಪಾಯಿಂಟನ್ನು ಉಪ್ಪುಕಾಗದದಲ್ಲಿ ಉಜ್ಜಬೇಡಿ, ಮೇಲಿನ ಬೆಳ್ಳಿಯ ಪದರವೇ ಹೋಗುತ್ತದೆ.

ಫ್ಯಾನ್ ಮಾತ್ರ ನಿಂತಿದ್ದರೆ ಕಂಪ್ರೆಸರ್ ಕೆಲವು ನಿಮಿಷ ಓಡಿ ಬಿಸಿಯಾಗಿ ಓವರ್‌ಲೋಡ್ ಬಿಡುತ್ತದೆ. ಅದರ ಕೆಪಾಸಿಟರ್ ಚಿಕ್ಕದು, 2ರಿಂದ 4 ಎಂಎಫ್‌ಡಿ. ಕರೆಂಟ್ ತೆಗೆದು ರೆಕ್ಕೆ ತಿರುಗಿಸಿದಾಗ ಬಿಗಿ ಅನ್ನಿಸಿದರೆ ಬೇರಿಂಗ್.

ಇನ್ವರ್ಟರ್ ಯಂತ್ರಕ್ಕೆ ಮೇಲಿನ ಕೆಪಾಸಿಟರ್ ಪಾಠ ನಡೆಯದು. ಅಲ್ಲಿ ಔಟ್‌ಡೋರ್‌ನಲ್ಲೂ ಪಿಸಿಬಿ. ಬಂದ 230ನ್ನು ಡಿಸಿ ಮಾಡಿ, ಸುಮಾರು 325 ವೋಲ್ಟ್‌ನಲ್ಲಿ ದೊಡ್ಡ ಕೆಪಾಸಿಟರ್‌ಗಳಲ್ಲಿ ತುಂಬಿಸಿ, ಮತ್ತೆ ಮೂರು ಫೇಸ್ ಮಾಡಿ ಕಂಪ್ರೆಸರ್‌ಗೆ ಕೊಡುತ್ತದೆ. ಎಂಸಿಬಿ ತೆಗೆದು ಹತ್ತು ನಿಮಿಷ ಕಾದು, ಆ ಕೆಪಾಸಿಟರ್ ಮೇಲೆ ಡಿಸಿ ಅಳೆದೇ ಕೈ ಹಾಕಬೇಕು. ಸತ್ತ ಬೋರ್ಡ್ ಇನ್ನೂ ಅಪಾಯ, ಚಾರ್ಜ್ ಖಾಲಿಯಾಗುವ ದಾರಿಯೇ ಮುಚ್ಚಿರಬಹುದು. ಡಿಸಿಯ ಮೈನಸ್ ಕೂಡ ಅರ್ಥ್ ಅಲ್ಲ, ಮುಟ್ಟಿದರೆ ಹೊಡೆಯುತ್ತದೆ.

ಅಶ್ವಿನಿ, ಭರಣಿ ಮಳೆಯ ಗುಡುಗು ಸಿಡಿಲು ಶುರುವಾದರೆ ಇಂಥ ಬೋರ್ಡುಗಳು ಸಾಲಾಗಿ ಬರುತ್ತವೆ. ಗಾಜಿನ ಫ್ಯೂಸ್ ಒಳಗೆ ತಂತಿ ಮಾತ್ರ ತುಂಡಾಗಿದೆಯೋ, ಗಾಜೆಲ್ಲ ಕಪ್ಪಾಗಿದೆಯೋ ನೋಡಿ. ಕಪ್ಪಾಗಿದ್ದರೆ ಮುಂದೆ ಎಲ್ಲೋ ಶಾರ್ಟ್ ಇದೆ: ಏರಿದ ವೋಲ್ಟೇಜ್ ತಡೆಯುವ, ನೀಲಿ ಬಿಲ್ಲೆಯಂಥ ವೇರಿಸ್ಟರ್, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್, ಕರೆಂಟ್ ಕತ್ತರಿಸುವ ಟ್ರಾನ್ಸಿಸ್ಟರ್ ಐಜಿಬಿಟಿ ಅಥವಾ ಅಂಥವೇ ಆರು ಸೇರಿ ಕಂಪ್ರೆಸರ್ ಓಡಿಸುವ ಐಪಿಎಂ. ಹೊಸ ಫ್ಯೂಸ್ ಹಾಕಿ ನೋಡೋಣ ಅನ್ನುವ ಬದಲು ಫ್ಯೂಸ್ ಜಾಗಕ್ಕೆ 100 ವ್ಯಾಟ್ ತಂತಿ ಬಲ್ಬ್ ಜೋಡಿಸಿ ಕರೆಂಟ್ ಕೊಡಿ. ಬಲ್ಬ್ ಮಿಂಚಿ ಮಂಕಾದರೆ ಸರಿ, ಪೂರ್ತಿ ಉರಿಯುತ್ತಲೇ ಇದ್ದರೆ ಶಾರ್ಟ್. ತಂತಿ ಬಲ್ಬ್ ಅಂಗಡಿಯಲ್ಲಿ ಅಪರೂಪವಾಗುತ್ತಿದೆ, ಕಂಡಾಗ ನಾಲ್ಕು ತೆಗೆದಿಟ್ಟುಕೊಳ್ಳಿ. ಐಪಿಎಂ ನೋಡಲು ಕಂಪ್ರೆಸರ್ ವೈರ್ ಬಿಚ್ಚಿ, ಮೀಟರನ್ನು ಡಯೋಡ್‌ಗೆ ತಿರುಗಿಸಿ, ಕೆಂಪು ಕಡ್ಡಿ ಎನ್‌ಗೆ (ಡಿಸಿಯ ಮೈನಸ್) ಹಿಡಿದು ಕಪ್ಪು ಕಡ್ಡಿಯನ್ನು ಕಂಪ್ರೆಸರ್‌ಗೆ ಹೋಗುವ ಮೂರು ಟರ್ಮಿನಲ್ ಯು, ವಿ, ಡಬ್ಲ್ಯುಗೆ ಒಂದೊಂದಾಗಿ ಇಡಿ. ಮೂರರಲ್ಲೂ 0.4ರ ಆಸುಪಾಸು ಒಂದೇ ಸಮ ಬರಬೇಕು. ಪಿ (ಡಿಸಿಯ ಪ್ಲಸ್) ಕಡೆಗೆ ಕಡ್ಡಿ ಅದಲು ಬದಲು ಮಾಡಿ ಅದನ್ನೇ ಮತ್ತೊಮ್ಮೆ. ಎಲ್ಲಾದರೂ ಸೊನ್ನೆ ಬಂದರೆ ಐಪಿಎಂ ಹೋಗಿದೆ.

ಇಂಡೋರ್‌ನಲ್ಲಿ ಕಮ್ಯುನಿಕೇಷನ್ ಎರರ್ ಕೋಡ್ ಬಂದರೆ ಬೋರ್ಡ್ ಬಿಚ್ಚುವ ಮೊದಲು ಇಂಡೋರ್-ಔಟ್‌ಡೋರ್ ಬೋರ್ಡುಗಳು ಮಾತಾಡಿಕೊಳ್ಳುವ ಸಿಗ್ನಲ್ ವೈರ್ ನೋಡಿ. ಟರ್ಮಿನಲ್ ಸಂಖ್ಯೆ ಅದಲು ಬದಲಾಗಿರುವುದು, ಇಲಿ ಕಡಿದಿರುವುದು, ಅದೇ ಟೇಪ್ ಜಾಯಿಂಟ್. ನ್ಯೂಟ್ರಲ್‌ಗೂ ಸಿಗ್ನಲ್‌ಗೂ ನಡುವೆ ಡಿಸಿ ಅಳೆದರೆ ಸಂಖ್ಯೆ ಏರಿಳಿಯುತ್ತಿರಬೇಕು, ಒಂದೇ ಕಡೆ ನಿಂತಿದ್ದರೆ ಎರಡರಲ್ಲಿ ಒಂದು ಬಾಯಿ ಮುಚ್ಚಿದೆ. ಉಷ್ಣಾಂಶ ಅಳೆಯುವ ಸೆನ್ಸರ್‌ನ ಎರರ್ ಆದರೆ ಕನೆಕ್ಟರ್ ಬಿಡಿಸಿ ಓಮ್ ಅಳೆಯಿರಿ. ಕಂಪನಿಗಳು ಕೊಡುವ ಓಮ್ ಸಂಖ್ಯೆ 25 ಡಿಗ್ರಿಯದು, 10 ಕಿಲೋ ಓಮ್, 15 ಕಿಲೋ ಓಮ್, 20 ಕಿಲೋ ಓಮ್ ಹೀಗೆ. ಹವೆ ಅದರ ಹತ್ತಿರ ಇದ್ದರೆ ನೇರವಾಗಿ ಹೋಲಿಸಬಹುದು, ಕೋಷ್ಟಕ ಬೇಡ. ಮುಷ್ಟಿಯಲ್ಲಿ ಹಿಡಿದರೆ ಓಮ್ ನಿಧಾನಕ್ಕೆ ಇಳಿಯಬೇಕು, ಜಿಗಿದರೆ ಸೆನ್ಸರ್ ಬದಲಿಸಿ.

ಹೊಸ ಬೋರ್ಡ್ ಹಾಕುವ ಮೊದಲು ಕಂಪ್ರೆಸರ್ ವೈರ್ ಬಿಚ್ಚಿ ಯು, ವಿ, ಡಬ್ಲ್ಯು ನಡುವಿನ ಮೂರು ಓಮ್‌ಗಳು ಸಮ ಇವೆಯೇ, ಕಂಪ್ರೆಸರ್ ಮೈಗೆ ಹಿಡಿದ ಮೆಗ್ಗರ್ ಅಳತೆ ಸರಿ ಇದೆಯೇ ನೋಡಲೇಬೇಕು. ಶಾರ್ಟ್ ಆದ ಕಂಪ್ರೆಸರ್‌ಗೆ ಕೊಟ್ಟ ಹೊಸ ಬೋರ್ಡ್ ಆ ಕ್ಷಣವೇ ಹೋಗುತ್ತದೆ, ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಬೋರ್ಡಿನ ಪಾರ್ಟ್ ನಂಬರ್ ಹಳೆಯದಕ್ಕೆ ಅಕ್ಷರಕ್ಕಕ್ಷರ ಹೊಂದಬೇಕು. ಒಂದೇ ಥರ ಕಾಣುವ ಎರಡು ಬೋರ್ಡುಗಳಲ್ಲಿ ಕಂಪ್ರೆಸರ್‌ನ ವಿವರ ಬರೆದ ಮೆಮೊರಿ ಚಿಪ್ (ಈಪ್ರಾಮ್) ಬೇರೆ ಇದ್ದರೆ ಯಂತ್ರ ನಡುಗುತ್ತದೆ ಅಥವಾ ಶುರುವಾಗುತ್ತಲೇ ಎರರ್ ಕೊಡುತ್ತದೆ. ಬೋರ್ಡಿನ ಶಾಖ ಎಳೆಯುವ ಹೀಟ್‌ಸಿಂಕ್‌ನ ಹಳೆಯ ಪೇಸ್ಟ್ ಒರೆಸಿ ಹೊಸದನ್ನು ತೆಳುವಾಗಿ ಸವರಿ, ಸ್ಕ್ರೂಗಳನ್ನು ಒಂದು ಬಿಟ್ಟು ಒಂದು ಸಮನಾಗಿ ಬಿಗಿಯಿರಿ. ಕೇಬಲ್ ಒಳಬರುವ ತೂತಿಗೆ ರಬ್ಬರ್ ಬಳೆ (ಗ್ರಾಮೆಟ್) ಹಾಕಿ ಸಂದಿಗೆ ಸಿಲಿಕಾನ್ ತುಂಬಿದರೆ ಹಲ್ಲಿ ಒಳಗೆ ನುಸುಳದು. ಹೀಟ್‌ಸಿಂಕ್ ಬದಿಯ ಗಾಳಿಕಂಡಿಯನ್ನು ಮಾತ್ರ ಮುಚ್ಚಬೇಡಿ.